ಮದುವೆಯ ಹೂವು ಮನೆಯವರ ಕೈಯಲ್ಲಿ: ಹೊಸಬರಿಗೆ ಹನ್ನೊಂದು ಸೂತ್ರಗಳು

‘ಹೂವಿನ ಕೆಲಸ ನಾವೇ ಮಾಡಿಕೊಳ್ಳೋಣ’ ಎಂದು ಮನೆಯಲ್ಲಿ ಯಾರೋ ಒಬ್ಬರು ಹೇಳುತ್ತಾರೆ. ಉಳಿದವರು ಹೂಂಗುಟ್ಟುತ್ತಾರೆ. ಮುಹೂರ್ತದ ಹಿಂದಿನ ರಾತ್ರಿ ಹನ್ನೆರಡಕ್ಕೆ ಹೇಳಿದವರೊಬ್ಬರೇ ಕೂತು ದಾರ ಎಳೆಯುತ್ತಿರುತ್ತಾರೆ. ಹೂ ಕಟ್ಟಲು ಬಾರದೆ ಕೆಲಸ ಕೆಡುವುದು ಕಡಿಮೆ, ಹೊತ್ತಿನ ಲೆಕ್ಕ ತಪ್ಪಿ ಕೆಡುವುದೇ ಹೆಚ್ಚು. ಹಾಗಾಗಿ ಈ ಸೂತ್ರಗಳಲ್ಲಿ ಗಡಿಯಾರದ ಮಾತು ಮತ್ತೆ ಮತ್ತೆ ಬರುತ್ತದೆ.

1. ಏನನ್ನು ಮಾಡುವುದಿಲ್ಲ ಎಂದು ಮೊದಲು ತೀರ್ಮಾನಿಸಿ

ಮಂಟಪದ ಕಂಬ, ಅದರ ಮೇಲ್ಭಾಗ, ಆರತಕ್ಷತೆಯ ವೇದಿಕೆಯ ಹಿನ್ನೆಲೆ, ಇವುಗಳ ಗೊಡವೆ ಬೇಡ. ಅದಕ್ಕೆ ಏಣಿ ಬೇಕು, ಕಬ್ಬಿಣದ ಚೌಕಟ್ಟು ಬೇಕು, ಪಳಗಿದ ಆಳುಗಳು ಬೇಕು. ಬಾಸಿಂಗವನ್ನು ಕೊಂಡುಬಿಡಿ. ಮೊಗ್ಗಿನ ಜಡೆಯನ್ನೂ ಅಷ್ಟೇ. ಒಂದೇ ಗಾತ್ರದ ಮೊಗ್ಗುಗಳನ್ನು ಆರಿಸಿ ಸಾಲು ತಪ್ಪದಂತೆ ಹೊಲಿಯುವುದು ಹೊಸಬರ ಕೆಲಸವಲ್ಲ. ಮನೆಬಾಗಿಲ ತೋರಣ, ಚಪ್ಪರದ ಮಾಲೆಗಳು, ವಧೂವರರ ಹಾರ, ಆರತಿ ತಟ್ಟೆ, ಹೆಂಗಸರ ಮುಡಿಗೆ ಹೂ, ಇಷ್ಟನ್ನು ಮನೆಯವರು ಧೈರ್ಯವಾಗಿ ಹಿಡಿಯಬಹುದು. ಇಷ್ಟೇ ಬೇಕಾದಷ್ಟಾಯಿತು. ಹತ್ತಿರ ಬಂದವರ ಕಣ್ಣೂ ಕ್ಯಾಮೆರಾದ ಕಣ್ಣೂ ನಿಲ್ಲುವುದು ಹಾರದ ಮೇಲೆ, ಕಂಬದ ತುದಿಯ ಮೇಲಲ್ಲ.

2. ಛತ್ರದವರನ್ನು ಮುಂಚೆಯೇ ಕೇಳಿ

ಕೆಲವು ಕಲ್ಯಾಣ ಮಂಟಪಗಳಲ್ಲಿ ಅಲಂಕಾರದವರು ಗೊತ್ತಾಗಿಯೇ ಇರುತ್ತಾರೆ, ಹೊರಗಿನ ಕೈ ಸೇರಿಸುವುದಿಲ್ಲ. ಗೋಡೆಗೆ ಮೊಳೆ ಹೊಡೆಯಬಹುದೇ, ಅಂಟುಪಟ್ಟಿ ಹಚ್ಚಬಹುದೇ, ಬೀಗದ ಕೈ ಹಿಂದಿನ ದಿನ ಎಷ್ಟು ಗಂಟೆಗೆ ಸಿಗುತ್ತದೆ, ಎಲ್ಲವನ್ನೂ ಮುಂಗಡ ಕೊಡುವ ಮುನ್ನವೇ ಬಾಯಿಬಿಟ್ಟು ಕೇಳಿ.

3. ಬಣ್ಣ ಆರಿಸುವ ಮುನ್ನ ತಿಂಗಳು ನೋಡಿ

ಸೀರೆಯ ಬಣ್ಣಕ್ಕೆ ಹೂ ಹುಡುಕುವುದು ಈಗಿನ ರೂಢಿ. ಹೊಸಬರು ಅದನ್ನು ತಲೆಕೆಳಗು ಮಾಡಬೇಕು, ಆ ತಿಂಗಳಲ್ಲಿ ಹೇರಳವಾಗಿ ಬರುವ ಹೂವಿಗೆ ಬಣ್ಣ ಹೊಂದಿಸಿಕೊಳ್ಳಬೇಕು. ದುಂಡು ಮಲ್ಲಿಗೆಗೆ ಬೇಸಿಗೆಯೇ ಸುಗ್ಗಿ. ವೈಶಾಖದ ಮದುವೆಗೆ ಅದನ್ನು ಕೈತುಂಬ ಬಳಸಿ. ಚಳಿಯಲ್ಲಿ ಮಲ್ಲಿಗೆಯ ಇಳುವರಿ ಬಿದ್ದುಹೋಗಿ ಬೆಲೆ ಕೈಸುಡುತ್ತದೆ. ಆಗ ಕಾಕಡ ಇದೆ. ಪರಿಮಳ ಅಷ್ಟಿಲ್ಲ, ಆದರೆ ಬಿಳುಪಿಗೆ, ಬಾಳಿಕೆಗೆ ಕೊರತೆಯಿಲ್ಲ. ನವರಾತ್ರಿಯಿಂದ ಸಂಕ್ರಾಂತಿಯ ತನಕ ಸೇವಂತಿಗೆಯ ಕಾಲ. ಚೆಂಡು ಹೂ ವರ್ಷವಿಡೀ ಸಿಗುತ್ತದೆ, ಹೊಸಬರ ಒರಟು ಕೈಯನ್ನೂ ತಾಳಿಕೊಳ್ಳುತ್ತದೆ. ಅದನ್ನು ಹಬ್ಬದ ಹೂವೆಂದು ಹಗುರವಾಗಿ ಕಾಣುವವರಿದ್ದಾರೆ. ಮೊದಲ ಸಲ ಮಾಡುವವರಿಗೆ ಅದಕ್ಕಿಂತ ನಂಬಿಕಸ್ಥ ಹೂವಿಲ್ಲ ಎಂಬುದು ನನ್ನ ಅಭಿಪ್ರಾಯ.

ಸುಗಂಧರಾಜ ಕೊಳ್ಳುವಾಗ ಒಂದು ಗುಟ್ಟು: ಹಾರಕ್ಕೆ ಒಂಟಿ ಸುತ್ತಿನ ಎಸಳಿನದು ಕೇಳಿ, ಹೂದಾನಿಗೆ ಜೋಡಿ ಸುತ್ತಿನದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಪ್ರಜ್ವಲ್, ಶೃಂಗಾರ್ ಒಂಟಿ ಜಾತಿಯವು. ಸುವಾಸಿನಿ, ವೈಭವ್ ಜೋಡಿ.

ಮದುವೆಯ ದಿನ ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಗಳ ಅಕ್ಕಪಕ್ಕ ಬಿದ್ದಿದೆಯೇ? ಹಾಗಿದ್ದರೆ ಹೂವಿನ ಖರ್ಚಿನ ಅಂದಾಜನ್ನು ಇನ್ನೊಮ್ಮೆ ಹಾಕಿ. ಆ ವಾರ ಮಾರುಕಟ್ಟೆಯಲ್ಲಿ ಯಾರ ಮಾತೂ ನಡೆಯುವುದಿಲ್ಲ.

4. ಒಂದು ಮಾರು ಕಟ್ಟಿ, ತೂಗಿ, ಆಮೇಲೆ ಲೆಕ್ಕ ಹಾಕಿ

ಎಷ್ಟು ಹೂ ಬೇಕು ಎಂಬ ಪ್ರಶ್ನೆಗೆ ಇನ್ನೊಬ್ಬರ ಉತ್ತರ ಉಪಯೋಗಕ್ಕೆ ಬಾರದು. ಹೂವಿನ ಗಾತ್ರ, ನೀವು ಒತ್ತೊತ್ತಾಗಿ ಪೋಣಿಸುವ ರೀತಿ, ಎಲ್ಲವೂ ಬೇರೆ. ಮದುವೆಗೆ ಕೆಲವು ವಾರ ಮೊದಲು ಅರ್ಧ ಕಿಲೋ ಬಿಡಿ ಹೂ ತಂದು ಒಂದು ಮಾರು ಮಾಲೆ ಮಾಡಿ. ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಹಿಡಿದ ಹೊತ್ತನ್ನೂ ಬರೆದುಕೊಳ್ಳಿ. ಬಾಗಿಲು, ಚಪ್ಪರಗಳ ಅಳತೆಗೆ ಗುಣಿಸಿ, ಉದುರಿ ಹೋಗುವುದಕ್ಕೆಂದು ಐದರಲ್ಲೊಂದು ಭಾಗ ಮೇಲೆ ಸೇರಿಸಿ. ಹೊತ್ತನ್ನೂ ಹೀಗೆಯೇ ಗುಣಿಸಿದರೆ ಎಷ್ಟು ಜನರ ಕೈ ಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಕೆಲವರು ಆ ಉತ್ತರ ನೋಡಿಯೇ ಅರ್ಧ ಕೆಲಸ ಬಿಟ್ಟುಕೊಡುತ್ತಾರೆ. ಅದೂ ಜಾಣತನವೇ.

ಕಟ್ಟಿದ ಹೂ ಕೊಳ್ಳುವಾಗ ನೆನಪಿರಲಿ, ಮಾರು-ಮೊಳದ ಅಳತೆ ಮಾರುವವರ ಕೈಯುದ್ದಕ್ಕೆ ತಕ್ಕಂತೆ. ಕರಾವಳಿಯವರದು ಇದಕ್ಕಿಂತ ಖಚಿತ ಲೆಕ್ಕ. ಶಂಕರಪುರದ ಉಡುಪಿ ಮಲ್ಲಿಗೆಯಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ.

5. ಕಟ್ಟುವುದಕ್ಕೆ ಮೊದಲು ಪೋಣಿಸುವುದನ್ನು ಕಲಿಯಿರಿ

ಸೂಜಿಯಲ್ಲಿ ಪೋಣಿಸುವುದು ಒಂದು ಸಂಜೆಯಲ್ಲಿ ಬರುತ್ತದೆ. ಹೂವಿನ ಅಂಗಡಿಯ ಉದ್ದ ಸೂಜಿ ತನ್ನಿ, ಹತ್ತಿಯ ದಾರ ಎರಡೆಳೆ ಮಾಡಿ. ಚೆಂಡು ಹೂವಿಗೆ ತೊಟ್ಟು ಕತ್ತರಿಸಿ, ಬುಡದ ಹಸಿರು ಬಟ್ಟಲಿನ ನಟ್ಟನಡುವೆ ಸೂಜಿ ಹಾಯಿಸಿ. ಪಕ್ಕಕ್ಕೆ ಚುಚ್ಚಿದರೆ ಎಸಳು ಉದುರುತ್ತದೆ. ಸೇವಂತಿಗೆಗೂ ಇದೇ ನಿಯಮ. ಬಾಗಿಲ ಮಾಲೆಯಲ್ಲಿ ಎರಡೆರಡು ಹೂಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಪೋಣಿಸಿ, ಒಳಗಿನಿಂದ ನೋಡಿದರೂ ಹೊರಗಿನಿಂದ ನೋಡಿದರೂ ಮುಖವೇ ಕಾಣುತ್ತದೆ. ಸುಗಂಧರಾಜದ ಕೊಳವೆಯನ್ನು ಬುಡದ ಹತ್ತಿರ ಅಡ್ಡಕ್ಕೆ ಚುಚ್ಚಿ, ಪ್ರತಿ ಹೂವನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋದರೆ ಹಾರ ಗುಂಡಗೆ ತುಂಬಿಕೊಳ್ಳುತ್ತದೆ.

ಕಟ್ಟುವುದು ಬೇರೆಯೇ ವಿದ್ಯೆ. ದಾರದ ತುದಿಯನ್ನು ಎಡಗೈ ಬೆರಳುಗಳ ನಡುವೆ ಹಿಡಿಯಿರಿ. ಎರಡು ಮೊಗ್ಗು ಆ ಕಡೆಗೆ, ಎರಡು ಈ ಕಡೆಗೆ ಮುಖ ಮಾಡಿ, ತೊಟ್ಟುಗಳನ್ನು ಒಂದರ ಮೇಲೊಂದು ಇಡಿ. ದಾರವನ್ನು ತೊಟ್ಟುಗಳಿಗೆ ಒಂದು ಸುತ್ತು ತಂದು, ಬಲಗೈಯಲ್ಲಿ ಕುಣಿಕೆ ಮಾಡಿ, ಅದನ್ನು ತೊಟ್ಟಿನ ಮೇಲಿಳಿಸಿ ಎಳೆಯಿರಿ. ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ತೊಟ್ಟೇ ತುಂಡಾಗುತ್ತದೆ. ನೆನೆಸಿ ಸೀಳಿದ ಬಾಳೆ ನಾರು ತೊಟ್ಟನ್ನು ಕೊಯ್ಯುವುದಿಲ್ಲ, ನೈಲಾನ್ ದಾರ ಕೊಯ್ಯುತ್ತದೆ. ನಿಮ್ಮ ಬೀದಿಯ ಹೂವಿನಮ್ಮನ ಪಕ್ಕ ಅರ್ಧ ಗಂಟೆ ಕೂತು ಕಲಿಯಿರಿ, ಅವರ ಹೂವನ್ನೇ ಕೊಳ್ಳಿ, ಕಲಿಸಿದ್ದಕ್ಕೂ ಕೈಯಲ್ಲಿ ಒಂದಿಷ್ಟು ಇಡಿ. ಹತ್ತು ವಿಡಿಯೊಗಳಲ್ಲಿ ಕಾಣದ ಬೆರಳಿನ ತಿರುವು ಅಲ್ಲಿ ಕಾಣುತ್ತದೆ.

6. ಹಾರ ಹಗುರವಿರಲಿ, ಕೊರಳು ಅಗಲವಿರಲಿ

ದಪ್ಪ ಗುಲಾಬಿ ಹಾರ ಫೋಟೊದಲ್ಲಿ ಚೆಂದ. ಧಾರೆಯ ಹೊತ್ತಿಗೆ ಹುಡುಗಿಯ ಹೆಗಲೇ ಬೀಳುತ್ತದೆ. ಸುಗಂಧರಾಜದ ನಡುನಡುವೆ ಗುಲಾಬಿ ಒಂದೊಂದು, ಕೆಳಗೆ ಕುಚ್ಚು, ಅಂಚಿಗೆ ಮರುಗವೋ ದವನವೋ ಸೇರಿದರೆ ತೂಕವೂ ಇಲ್ಲ, ಪರಿಮಳಕ್ಕೂ ಕೊರತೆ ಇಲ್ಲ. ಒಂದು ಟೇಪನ್ನು ಇಬ್ಬರ ಕೊರಳಿಗೂ ಹಾಕಿ ಉದ್ದ ಅಳೆಯಿರಿ, ಮಂಡಿಗಿಂತ ಮೇಲೆ ನಿಲ್ಲಬೇಕು. ಎಲ್ಲರೂ ಮರೆಯುವುದೊಂದಿದೆ: ಹಾರ ಗಂಡಿನ ಪೇಟವನ್ನೂ ಇಬ್ಬರ ಬಾಸಿಂಗವನ್ನೂ ದಾಟಿ ಇಳಿಯಬೇಕು. ಹಿಂಭಾಗದ ಗೇಣುದ್ದ ಹೂವಿಲ್ಲದೆ ಬಿಟ್ಟು, ಅಲ್ಲಿ ಮೆತ್ತನೆಯ ರಿಬ್ಬನ್ ಸುತ್ತಿ. ಕುತ್ತಿಗೆಗೆ ದಾರ ಕೊರೆಯುವುದಿಲ್ಲ. ಒದ್ದೆ ಹಾರವನ್ನು ರೇಷ್ಮೆಯ ಮೇಲೆ ಹಾಕಲೇಬೇಡಿ, ಗುಲಾಬಿ ಮತ್ತು ಚೆಂಡು ಹೂವಿನ ಬಣ್ಣ ಸೀರೆಗಿಳಿಯುತ್ತದೆ.

7. ಹಿಂದಿನ ದಿನವನ್ನು ಮೂರು ಪಾಲು ಮಾಡಿ

ಬೆಳಗಿನ ಜಾವ ಮಾರುಕಟ್ಟೆ. ಬೆಂಗಳೂರಿನವರಿಗೆ ಕೆ.ಆರ್. ಮಾರುಕಟ್ಟೆ, ಮೈಸೂರಿನವರಿಗೆ ದೇವರಾಜ ಮಾರುಕಟ್ಟೆ ಇದ್ದೇ ಇವೆ. ಬಿಸಿಲೇರಿದ ಮೇಲೆ ಬೆಲೆ ಇಳಿಯಬಹುದು, ಹೂವೂ ಅಷ್ಟೇ ಸೊರಗಿರುತ್ತದೆ.

ಮಧ್ಯಾಹ್ನ ಚೆಂಡು ಹೂ, ಸೇವಂತಿಗೆ. ಇವು ಮಾರನೆಯ ದಿನವೂ ಗಟ್ಟಿಯಾಗಿರುತ್ತವೆ. ಮಾವಿನ ತೋರಣವೂ ಆಗಲೇ. ಬಾಳೆ ಕಂದುಗಳನ್ನು ತರಿಸಿ ನಿಲ್ಲಿಸಿಬಿಡಿ, ಕಡಿದ ಜಾಗದಿಂದ ಸೋರುವ ನೀರು ಬಟ್ಟೆಗೆ ತಾಕಿದರೆ ಕಲೆ ಹೋಗುವುದಿಲ್ಲ.

ಸಂಜೆ ಹಾರ, ಕೊನೆಗೆ ಮಲ್ಲಿಗೆ. ಬೆಳಿಗ್ಗೆ ಬಿಡಿಸಿದ ಮಲ್ಲಿಗೆ ಮೊಗ್ಗು ಅಂದಿನ ಸಂಜೆಗೇ ಅರಳಲು ಹೊರಡುತ್ತದೆ. ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ತಂಪಿನಲ್ಲಿಟ್ಟರೆ ಮುಹೂರ್ತಕ್ಕೆ ಬಿಚ್ಚುವಾಗ ಹದವಾಗಿರುತ್ತದೆ. ಗುಲಾಬಿ ಎಸಳು ಬಿಡಿಸುವುದು ಮಾತ್ರ ಮದುವೆಯ ದಿನವೇ.

ರಾತ್ರಿ ಹತ್ತಕ್ಕೆ ಕೆಲಸ ನಿಲ್ಲಿಸಿ. ಉಳಿದದ್ದು ಉಳಿಯಿತು. ತೋರಣ ನಾಲ್ಕು ಮಾರು ಕಡಿಮೆಯಾದರೆ ಬೀಗರು ಎಣಿಸುವುದಿಲ್ಲ.

8. ಹೂವನ್ನು ಹಣ್ಣಿನ ಕೋಣೆಯಲ್ಲಿಡಬೇಡಿ

ಛತ್ರದಲ್ಲಿ ಉಗ್ರಾಣದ ತಂಪು ಕೋಣೆ ಒಂದೇ. ಬಾಳೆಗೊನೆ, ಮಾವಿನಹಣ್ಣು, ಹೂವು, ಎಲ್ಲವೂ ಅಲ್ಲಿಗೇ. ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಹೂಗಳು, ಅದರಲ್ಲೂ ಕಾರ್ನೇಷನ್ ಮತ್ತು ಆರ್ಕಿಡ್, ಬೇಗ ಬಾಡುತ್ತವೆ. ಬೇರೆ ಮೂಲೆ ಹುಡುಕಿ. ಬಿಡಿ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಡಬೇಡಿ; ಒಳಗೆ ಬೆವೆತು ಕೊಳೆಯುತ್ತದೆ. ಬಿದಿರು ಬುಟ್ಟಿ, ಅದರ ಮೇಲೆ ಹಿಂಡಿದ ಒದ್ದೆ ಪಂಚೆ, ಅಷ್ಟು ಸಾಕು. ಚೆಂಡು ಹೂವಿಗೆ ಆ ಪಂಚೆಯೂ ಒಣಗಿದ್ದರೇ ಒಳ್ಳೆಯದು.

9. ಕಡ್ಡಿ ಹೂವಿಗೆ ಬಾಳೆದಿಂಡು

ಜರ್ಬೆರಾ, ಗ್ಲಾಡಿಯೋಲಸ್ ತಂದ ಕೂಡಲೇ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ ನೀರಿಗಿಡಿ, ನೀರಲ್ಲಿ ಮುಳುಗುವ ಎಲೆ ಕಿತ್ತುಹಾಕಿ. ಗ್ಲಾಡಿಯೋಲಸ್ ಅನ್ನು ಮಲಗಿಸಿದರೆ ತುದಿ ಮೇಲಕ್ಕೆ ಬಾಗಿಕೊಳ್ಳುತ್ತದೆ, ನೆಟ್ಟಗೆ ನಿಲ್ಲಿಸಿಯೇ ಇಡಿ. ಅಂಗಡಿಯ ಹಸಿರು ಫೋಮ್ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್. ಅದರ ಬದಲು ಬಾಳೆದಿಂಡಿನ ತುಂಡನ್ನು ತಟ್ಟೆಯಲ್ಲಿಟ್ಟು, ಕಡ್ಡಿಯಿಂದ ತೂತು ಮಾಡಿ ಹೂ ಸಿಕ್ಕಿಸಿ. ಒಂದು ದಿನಕ್ಕೆ ಅದರ ತೇವವೇ ಸಾಲುತ್ತದೆ.

10. ಕಣಗಿಲೆ ಊಟದ ಹತ್ತಿರ ಬೇಡ

ಬಣ್ಣ ಚೆಂದ, ಗಿಡವಿಡೀ ವಿಷ. ಊಟದ ಮೇಜಿನಲ್ಲಿ, ಸಿಹಿಯ ತಟ್ಟೆಯಲ್ಲಿ, ಮಕ್ಕಳ ಕೈಗೆಟಕುವಲ್ಲಿ ಇಡಬೇಡಿ.

11. ಗುಂಡುಸೂಜಿ ಎಣಿಸಿ

ಎಷ್ಟು ಗುಂಡುಸೂಜಿ, ಎಷ್ಟು ತಂತಿ ತಂದಿರಿ ಎಂದು ಚೀಟಿಯಲ್ಲಿ ಬರೆದಿಡಿ. ಸಾಧ್ಯವಾದರೆ ದಾರದಲ್ಲೇ ಮುಗಿಸಿ. ಮದುವೆ ಮುಗಿದ ಮೇಲೆ ಬಾಡಿದ ಹೂವನ್ನು ಛತ್ರದ ಹಿಂದೆ ಸುರಿಯುವುದು, ದನಗಳು ಬಂದು ಮೇಯುವುದು ಎಲ್ಲ ಊರಿನಲ್ಲೂ ನಡೆಯುತ್ತದೆ. ಹೂವಿನೊಂದಿಗೆ ಹೊಟ್ಟೆ ಸೇರಿದ ಸೂಜಿ, ತಂತಿ ಹಸುವಿನ ಜೀವವನ್ನೇ ತೆಗೆಯಬಲ್ಲದು. ದಯವಿಟ್ಟು ಸುರಿಯುವ ಮುನ್ನ ಒಂದೊಂದನ್ನೂ ಕಿತ್ತು, ತಂದಷ್ಟೂ ವಾಪಸು ಡಬ್ಬಿ ಸೇರಿತೇ ನೋಡಿ.