ಬಹುಮಾನಕ್ಕಿಂತ ಮೊದಲು ಬಳಕೆದಾರ

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಇಂಥ ಹೊಣೆಗಾರಿಕೆಯ ಭಾಗವಾಗಿ, ಸಮಾಜಕ್ಕೆ ನೆರವಾಗುವ ಆವಿಷ್ಕಾರಗಳಿಗಾಗಿ ಇನ್ಫೊಸಿಸ್ ಪ್ರತಿಷ್ಠಾನ 2018ರಲ್ಲಿ ‘ಆರೋಹಣ್’ ಪ್ರಶಸ್ತಿ ಆರಂಭಿಸಿತು. ಸ್ಯಾಮ್‌ಸಂಗ್‌ನ ‘ಸಾಲ್ವ್ ಫಾರ್ ಟುಮಾರೊ’ ಸ್ಪರ್ಧೆ 2022ರಲ್ಲಿ ಭಾರತಕ್ಕೆ ಬಂತು. ಅದು ಹದಿಹರೆಯದವರಿಗೂ ತೆರೆದಿದೆ.

ಅವಕಾಶ ಇದೆ, ನಿಜ. ಆದರೆ ಅನೇಕರು ಮೊದಲು ಆ್ಯಪ್ ಕಟ್ಟಿ, ಆಮೇಲೆ ಅದಕ್ಕೊಂದು ಸಮಸ್ಯೆ ಹುಡುಕುತ್ತಾರೆ. ಅಂಧರಿಗೆ ಸಾಧನ ರೂಪಿಸುವವರು ಅಂಧರ ಶಾಲೆಯಲ್ಲಿ ಕುಳಿತು, ಅಲ್ಲಿನವರ ಕೈಗೇ ಮೊದಲ ಮಾದರಿ ಕೊಟ್ಟು ನೋಡಬೇಕು. ಅವರು ಬೇಡವೆಂದರೆ ಬದಲಿಸಬೇಕು.

ಅರ್ಜಿಗೆ ಸಹಿ ಹಾಕುವ ಮುನ್ನ ಪೇಟೆಂಟ್ ಯಾರ ಹೆಸರಿಗೆ ಹೋಗುತ್ತದೆ ಎಂಬ ನಿಯಮವನ್ನು ತಪ್ಪದೆ ಓದಿ. ಬಹುಮಾನದ ನಂತರವೂ ಮಾರ್ಗದರ್ಶನ ಸಿಗುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ.