ಬೆರಳಲ್ಲಿ ನುಡಿಸುವವರಿಗೆ ಸಣ್ಣ ಗಿಟಾರ್

ಚಾಮರಾಜನಗರ, ಗುಂಡ್ಲುಪೇಟೆ ಕಡೆ ನೀಲಗಾರರ ಹಾಡು ಕೇಳಿದವರಿಗೆ ಗೊತ್ತು: ತಂಬೂರಿ ಎಡೆಬಿಡದೆ ಮಿಡಿಯುತ್ತಿದ್ದರೂ ಮಂಟೇಸ್ವಾಮಿ ಕಥೆಯ ಮಾತು ಮುಚ್ಚಿಹೋಗುವುದಿಲ್ಲ. ಬೆರಳಲ್ಲಿ ನುಡಿಸುವ ಬ್ಲೂಸ್‌ಗೂ ಬೇಕಾದ್ದು ಇದೇ ಹದ. ಅಲ್ಲಿ ಹೆಬ್ಬೆರಳು ದಪ್ಪ ತಂತಿಗಳಲ್ಲಿ ಲಯ ಹಿಡಿಯುತ್ತದೆ, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ರಾಗ ಬಿಡಿಸುತ್ತವೆ. ಅಂಗಡಿಯವರು ಸಾಮಾನ್ಯವಾಗಿ ಕೈಗೆ ಕೊಡುವ ದೊಡ್ಡ ಗಿಟಾರ್ ಡ್ರೆಡ್‌ನಾಟ್‌ನ ಒಡಲು ಸುಮಾರು 40 ಸೆಂ.ಮೀ. ಅಗಲ, ಅದರಲ್ಲಿ ಮಂದ್ರ ಗುಂಯ್‌ಗುಟ್ಟಿ ರಾಗವನ್ನು ನುಂಗಿಬಿಡುತ್ತದೆ. 36 ಸೆಂ.ಮೀ. ಆಸುಪಾಸಿನ ‘ಡಬಲ್ ಓ’ ಮಾದರಿಯಲ್ಲಿ ಎರಡೂ ಬಿಡಿಬಿಡಿಯಾಗಿ ಕೇಳುತ್ತವೆ.

ದನಿ ಸಣ್ಣದಾಗುವುದಿಲ್ಲವೇ ಎಂದರೆ, ಆಗುತ್ತದೆ. ಹತ್ತು ಜನರ ಹಾಡಿಗೆ ಪಕ್ಕವಾದ್ಯ ಬೇಕಿದ್ದರೆ ದೊಡ್ಡದನ್ನೇ ಕೊಳ್ಳಿ. ಆದರೆ ಒಬ್ಬರೇ ಕೂತು ಹಾಡಿ ನುಡಿಸುವಾಗ ಅಷ್ಟು ಗದ್ದಲ ಯಾಕೆ? ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ತನ್ನ ಪ್ರಸಿದ್ಧ ಫೋಟೊದಲ್ಲಿ ಹಿಡಿದಿರುವುದೂ ಸಣ್ಣ ಗಿಬ್ಸನ್ ಗಿಟಾರನ್ನೇ. ಇನ್ನು ಬೀಟೆ ಮರದ್ದೇ ಬೇಕೆನ್ನುವವರಿದ್ದಾರೆ. ಬಂಡೀಪುರದಲ್ಲೂ ಬೆಳೆಯುವ ಆ ಮರಕ್ಕೆ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರು, ನಿಜ. ಆದರೆ ಅದನ್ನು ಬಳಸುವುದು ಹೆಚ್ಚಾಗಿ ಬೆನ್ನಿಗೆ, ಪಕ್ಕಗಳಿಗೆ. ನಾದದ ಬಹುಪಾಲು ಹುಟ್ಟುವುದು ಮುಂಬದಿಯ ಹಲಗೆಯಲ್ಲಿ. ಹಣ ಅಲ್ಲಿ ಹಾಕಿ. ಅದು ಪ್ಲೈವುಡ್ ಆಗದೆ ಅಪ್ಪಟ ಮರವಾಗಿರಲಿ. ಕುತ್ತಿಗೆಯ ಮೇಲ್ತುದಿ 44 ಮಿ.ಮೀ. ಅಗಲವಿದ್ದರೆ ಬೆರಳುಗಳು ಒಂದಕ್ಕೊಂದು ತಾಗುವುದಿಲ್ಲ. ಮೈಸೂರಿನ ಅಂಗಡಿಯಲ್ಲಿ ಪಿಕ್ ಬದಿಗಿಟ್ಟು, ಬರಿಬೆರಳಲ್ಲೇ ನುಡಿಸಿ ನೋಡಿ.