ಮನೆಯಂಗಳದ ಮಳೆಮಾಪಕ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣವು ಬಯಲುಸೀಮೆಯ ಹೋಬಳಿ. ಅಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ರಾಗಿಯ ಹೊಲಕ್ಕೂ ಕೆರೆಗೂ ಕೊಳವೆಬಾವಿಗೂ ಮಳೆಯೇ ಆಧಾರ. ಆದರೂ ನಿನ್ನೆ ಎಷ್ಟು ಮಳೆಯಾಯಿತೆಂದು ಕೇಳಿದರೆ, "ಚೆನ್ನಾಗಿ ಬಂತು" ಅಥವಾ "ಬರಿಯ ತುಂತುರು" ಎಂಬ ಉತ್ತರವೇ ಸಾಮಾನ್ಯ. ಒಂದೂರಿನಲ್ಲಿ ಸುರಿದ ಮಳೆಯು ನೆರೆಯೂರಿನಲ್ಲಿ ಹನಿಯದೆ ಹೋಗುವುದುಂಟು. ಆದುದರಿಂದ ದೂರದ ಕೇಂದ್ರದ ಅಳತೆಯು ನಮ್ಮ ಹೊಲದ ಲೆಕ್ಕವಾಗಲಾರದು.

ಮಳೆಮಾಪಕವನ್ನು ನಾವೇ ಮಾಡಿಕೊಳ್ಳಬಹುದು. ಬಾಯಿಯೂ ತಳವೂ ಒಂದೇ ಅಗಲವಿರುವ, ಚಪ್ಪಟೆ ತಳದ ಡಬ್ಬಿಯನ್ನು ಮರಗೋಡೆಗಳಿಂದ ದೂರವಾಗಿ ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಹವಾಮಾನ ಇಲಾಖೆಯ ಪದ್ಧತಿಯಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು, ಪುಸ್ತಕದಲ್ಲಿ ಬರೆದು, ಡಬ್ಬಿಯನ್ನು ಬರಿದು ಮಾಡಬೇಕು.

ಇದರಿಂದ ಪ್ರಯೋಜನವೇನು? 1 ಮಿಲಿಮೀಟರ್ ಮಳೆಯೆಂದರೆ 1 ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. 100 ಚದರ ಮೀಟರಿನ ಮಾಳಿಗೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರಾಯಿತು! ಅದರಲ್ಲಿ ಸ್ವಲ್ಪ ಪೋಲಾದರೂ, ಎಷ್ಟು ದೊಡ್ಡ ತೊಟ್ಟಿ ಬೇಕೆಂಬುದನ್ನು ಈ ಲೆಕ್ಕವು ತಿಳಿಸುತ್ತದೆ. ತೋಟಕ್ಕೆ ಸಾಕಷ್ಟು ಮಳೆಯಾದ ದಿನ ಪಂಪನ್ನು ನಿಲ್ಲಿಸಿ ಕೊಳವೆಬಾವಿಯ ನೀರನ್ನು ಉಳಿಸಬಹುದು. ಎರಡು ಮಿಲಿಮೀಟರಿನ ಮಳೆಗೆ ನೆಲವು ಒದ್ದೆಯಾಗಿ ಕಂಡರೂ ತೇವವು ಬೇರಿಗೆ ಇಳಿದಿರುವುದಿಲ್ಲ. ಇಂತಹ ಮೇಲ್ತೇವವನ್ನು ನಂಬಿ ಬಿತ್ತಿದ ಬೀಜವು ಮೊಳೆತು ಒಣಗುವುದುಂಟು. ಆಗ ಬೀಜವೂ ಹೋಯಿತು, ದುಡಿಮೆಯೂ ಹೋಯಿತು.

ಮನೆಗೆ ಬಂದ ಧಾನ್ಯವನ್ನು ನಾವು ಅಳೆದು ತುಂಬಿಡುತ್ತೇವೆ. ಆ ಧಾನ್ಯವನ್ನು ಬೆಳೆದ ಮಳೆಯನ್ನೂ ಅಳೆಯುವುದು ಜಾಣತನವಲ್ಲವೇ?